ಮೆಸೊಥೆಲಿಯೋಮ ಮರಳಿ ಬಂದಾಗ: ಮಗನ ಪಟ್ಟಿ, ಅಪ್ಪನ ಷರತ್ತು

(ಗುರುತು ಸಿಗಬಾರದೆಂದು ವಯಸ್ಸು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಮಗ ಒಬ್ಬನೇ ಬಂದಿದ್ದ. ಕೈಯಲ್ಲಿ ದಪ್ಪ ಫೈಲು, ಮೊಬೈಲಿನಲ್ಲಿ ಔಷಧಿಗಳ ಪಟ್ಟಿ. "ಮೇಡಂ, ಇದರಲ್ಲಿ ಬೆಸ್ಟ್ ಯಾವುದು ಹೇಳ್ಬಿಡಿ. ದುಡ್ಡಿನ ಚಿಂತೆ ನನಗಿರಲಿ."

ನಾನು ಡಾಕ್ಟರ್ ಅಲ್ಲ, ಔಷಧಿ ಆರಿಸಿಕೊಡೋದು ನನ್ನ ಕೆಲಸ ಅಲ್ಲ. ಡಾಕ್ಟರ್ ಹತ್ತಿರ ಏನು ಕೇಳಬೇಕು, ಅದಕ್ಕೂ ಮೊದಲು ಮನೆಯಲ್ಲಿ ಯಾರನ್ನು ಕೇಳಬೇಕು ಅನ್ನೋದನ್ನು ಹೇಳಬಲ್ಲೆ.

ಅಪ್ಪನಿಗೆ 68. ಸಿಮೆಂಟ್ ಶೀಟ್ ಕಾರ್ಖಾನೆಯಲ್ಲಿ ದುಡಿದವರು. ಆಸ್ಬೆಸ್ಟಾಸ್ ಮೂಟೆಗಳನ್ನು ಚಾಕುವಿನಿಂದ ಕುಯ್ದು ಸುರಿಯೋದು, ಖಾಲಿ ಚೀಲ ಕೊಡವಿ ಮಡಚಿಡೋದು. ಮೂಗಿಗೆ ಒಂದು ಕರ್ಚೀಫು, ಅಷ್ಟೇ. ಆಸ್ಬೆಸ್ಟಾಸಿನ ಸಣ್ಣ ಎಳೆಗಳು ಒಳಗೆ ಸೇರಿ ಶ್ವಾಸಕೋಶದ ಹೊರಪೊರೆಯಲ್ಲಿ ಕ್ಯಾನ್ಸರ್, ಅಂದರೆ ಮೆಸೊಥೆಲಿಯೋಮ, ಆಗೋಕೆ 20ರಿಂದ 50 ವರ್ಷ ಹಿಡಿಯಬಹುದು, ಹಾಗಾಗಿ ಎಷ್ಟೋ ಜನಕ್ಕೆ ಇದು ಗೊತ್ತಾಗೋದೇ ರಿಟೈರ್ ಆದಮೇಲೆ. ಪೆಮೆಟ್ರೆಕ್ಸೆಡ್ ಮತ್ತು ಕಾರ್ಬೊಪ್ಲಾಟಿನ್ ಕೀಮೋ ಮುಗಿದು 14 ತಿಂಗಳು ಆರಾಮಾಗಿದ್ದರು. ಈಗ ಸ್ಕ್ಯಾನ್‌ನಲ್ಲಿ ಪೊರೆ ಮತ್ತೆ ದಪ್ಪ ಆಗಿದೆ, ಎದೆಯಲ್ಲಿ ನೀರು ತುಂಬಿದೆ.

"ಅಪ್ಪ ಏನಂತಾರೆ?" ಅಂದೆ.

"ಅವರಿಗೆ ಸ್ವಲ್ಪ ಇನ್ಫೆಕ್ಷನ್ ಅಂತ ಹೇಳಿದ್ದೀವಿ."

ನಮ್ಮ ಮನೆಗಳಲ್ಲಿ ಇದು ಮಾಮೂಲಿ. ಪ್ರೀತಿಯಿಂದಲೇ ಮಾಡ್ತಾರೆ, ಬೈಯೋಕೂ ಮನಸ್ಸು ಬರಲ್ಲ. ಆದರೆ ಈ ಹಂತದಲ್ಲಿ ರೋಗಿಗೆ ಗೊತ್ತಿಲ್ಲದೆ ಚಿಕಿತ್ಸೆ ಆರಿಸೋಕೆ ಆಗಲ್ಲ. ಮುಂದಿನ ವಾರ ಅಪ್ಪ ಅಮ್ಮ ಇಬ್ಬರನ್ನೂ ಕರ್ಕೊಂಡು ಬನ್ನಿ ಅಂದೆ.

ಆಮೇಲೆ ಪಟ್ಟಿ ತೆಗೆದು ಕೂತೆವು. ಈ ಕಾಯಿಲೆ ಮರಳಿದಾಗ ಎಲ್ಲರಿಗೂ ಒಪ್ಪುವ ಒಂದೇ ಔಷಧಿ ಅಂತ ಇಲ್ಲ. ಮೊದಲು ಏನು ಕೊಟ್ಟಿದ್ದರು, ಅದು ಎಷ್ಟು ಕಾಲ ತಡೆದು ನಿಲ್ಲಿಸಿತ್ತು, ಬಯಾಪ್ಸಿಯಲ್ಲಿ ಎಪಿಥೀಲಿಯಾಯ್ಡ್ ಅಂತ ಬಂದಿತ್ತಾ ಸಾರ್ಕೊಮಟಾಯ್ಡ್ ಅಂತಲಾ (ಇವು ಈ ಕ್ಯಾನ್ಸರಿನ ಬಗೆಗಳು), ರೋಗಿ ಎದ್ದು ಓಡಾಡ್ತಾರಾ, ಕಿಡ್ನಿ ಹೇಗಿದೆ, ಇದರ ಮೇಲೆ ಹೋಗುತ್ತೆ. ಮೊದಲ ಕೀಮೋ ರೋಗವನ್ನು ಆರು ತಿಂಗಳಿಗಿಂತ ಜಾಸ್ತಿ ತಡೆದು ನಿಲ್ಲಿಸಿದ್ದರೆ ಅದೇ ಪೆಮೆಟ್ರೆಕ್ಸೆಡ್ ಮತ್ತೆ ಕೊಡೋದುಂಟು. ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸೋ ಚಿಕಿತ್ಸೆ, ಇವರಿಗೆ ಇನ್ನೂ ಕೊಟ್ಟೇ ಇಲ್ಲ, ಅದು ದೊಡ್ಡ ವಿಷಯ. ಬ್ರಿಟನ್ನಿನ ಕನ್ಫರ್ಮ್ ಅನ್ನೋ ಅಧ್ಯಯನದಲ್ಲಿ ಕೀಮೋ ಆದಮೇಲೆ ಮರಳಿ ಬಂದವರಿಗೆ ನಿವೊಲುಮಾಬ್ ಅನ್ನೋ ಇಮ್ಯುನೊಥೆರಪಿ ಔಷಧಿ ಕೊಟ್ಟಾಗ ಬದುಕಿನ ಮಧ್ಯಮ ಅವಧಿ (ಅರ್ಧದಷ್ಟು ಜನ ಬದುಕಿದ್ದ ಕಾಲ) 10.2 ತಿಂಗಳು, ಬರೀ ಪ್ಲಸೀಬೊ, ಅಂದರೆ ಔಷಧಿಯಿಲ್ಲದ ಹುಸಿ ಮದ್ದು, ಪಡೆದವರಲ್ಲಿ 6.9. ಈ ಅಂಕಿ ಕೇಳಿ ಮಗನ ಮುಖ ಸಪ್ಪಗಾಯಿತು. "ಇಷ್ಟೇನಾ?" ಹೌದು, ಇಷ್ಟೇ. ಕೆಲವರು ಇದಕ್ಕಿಂತ ಬಹಳ ಮುಂದೆ ಹೋಗ್ತಾರೆ, ಕೆಲವರಿಗೆ ಏನೂ ಆಗಲ್ಲ, ಯಾರಿಗೆ ಅಂತ ಮೊದಲೇ ಹೇಳೋಕೆ ಬರಲ್ಲ. ಥೈರಾಯ್ಡ್, ಕರುಳು, ಶ್ವಾಸಕೋಶಕ್ಕೆ ತೊಂದರೆ ಆಗಬಹುದು, ಭೇದಿ ಶುರುವಾದರೆ ಮನೆಮದ್ದು ಮಾಡ್ತಾ ಕೂರದೆ ಅವತ್ತೇ ಫೋನ್ ಮಾಡಬೇಕು.

ಉಳಿದದ್ದು ವಿನೊರೆಲ್ಬಿನ್, ಜೆಮ್ಸಿಟಾಬಿನ್ ಅನ್ನೋ ಕೀಮೋ ಔಷಧಿಗಳು. ಗಡ್ಡೆಯನ್ನು ಸ್ವಲ್ಪ ಕಾಲ ಹಿಡಿದಿಡುತ್ತವೆ, ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಈ ಹಂತದಲ್ಲಿ ಆಪರೇಷನ್ ಅಪರೂಪ. ಒಂದೇ ಕಡೆ ನೋವಿದ್ದರೆ ರೇಡಿಯೇಷನ್ ಕೊಡ್ತಾರೆ. ಹೊಸ ಔಷಧಿಯ ಟ್ರಯಲ್ ಎಲ್ಲಾದ್ರೂ ನಡೀತಿದೆಯಾ ಅಂತ ಸಿಟಿಆರ್‌ಐ ಅನ್ನೋ ಭಾರತದ ಟ್ರಯಲ್‌ಗಳ ದಾಖಲೆಯಲ್ಲಿ ಯಾರು ಬೇಕಾದರೂ ಹುಡುಕಬಹುದು. "ಕಡಿಮೆ ಡೋಸ್ ನಿವೊಲುಮಾಬ್ ಸಾಕಂತೆ" ಅಂತ ಒಂದು ವಿಡಿಯೋ ತೋರಿಸಿದ. ಟಾಟಾ ಆಸ್ಪತ್ರೆಯವರು ಅದನ್ನು ಮಾಡಿದ್ದು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ನಲ್ಲಿ. ಇದಕ್ಕೆ ಹೊಂದುತ್ತಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ವಿಡಿಯೋ ನೋಡಿ ತೀರ್ಮಾನ ಬೇಡ.

ಮುಂದಿನ ವಾರ ಅಪ್ಪ ಬಂದರು. ನಾನು ಮಾತು ಶುರು ಮಾಡೋ ಮೊದಲೇ, "ಇನ್ಫೆಕ್ಷನ್ ಅಲ್ಲ ಅಂತ ಗೊತ್ತು ಕಣಮ್ಮ. ನನ್ನ ಜೊತೆ ಮೂಟೆ ಕುಯ್ತಿದ್ದವನು ಹೀಗೇ ಹೋದ" ಅಂದರು. ಮಗ ತಲೆ ತಗ್ಗಿಸಿದ. "ರಾತ್ರಿ ಮಲಗೋಕಾಗಲ್ಲ. ಮೂರು ದಿಂಬು ಇಟ್ಟುಕೊಂಡು ಒರಗಿ ಕೂತಿರ್ತೀನಿ. ಮೊದಲು ಇದಕ್ಕೇನಾದ್ರೂ ಮಾಡಿ."

ಮಗನ ಪಟ್ಟಿಯಲ್ಲಿ ಈ ದಿಂಬಿನ ವಿಷಯವೇ ಇರಲಿಲ್ಲ ನೋಡಿ. ನೀರಿಗೆ ದಾರಿ ಇದೆ. ತೆಗೆದಷ್ಟೂ ಮತ್ತೆ ತುಂಬುತ್ತಿದ್ದರೆ ಟಾಲ್ಕ್ ಪುಡಿ ಹಾಕಿ ಪೊರೆ ಅಂಟಿಸ್ತಾರೆ, ಇಲ್ಲವೇ ಎದೆಗೆ ಸಣ್ಣ ಕೊಳವೆ ಕೂರಿಸ್ತಾರೆ, ಮನೆಯಲ್ಲೇ ಬಾಟಲಿಗೆ ಬಸಿಯಬಹುದು. ಉಸಿರು ಕಟ್ಟೋದಕ್ಕೆ ಸಣ್ಣ ಪ್ರಮಾಣದ ಮಾರ್ಫಿನ್ ಕೂಡ ಕೊಡ್ತಾರೆ, ಹೆದರಬೇಕಿಲ್ಲ. ನೋವು, ಉಸಿರಿನ ತೊಂದರೆಗೆ ಆರಾಮ ಕೊಡೋ ಪ್ಯಾಲಿಯೇಟಿವ್ ವೈದ್ಯರನ್ನು ಈಗಲೇ ನೋಡಿ, ಚಿಕಿತ್ಸೆ ನಿಂತಮೇಲೆ ನೋಡೋಣ ಅನ್ನಬೇಡಿ ಅಂದೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಈ ಆರೈಕೆಗೆ ದುಡ್ಡು ತಗೊಳ್ಳಲ್ಲ, ಅದನ್ನೂ ಬರೆದುಕೊಟ್ಟೆ.

ಅಪ್ಪ ಯೋಚಿಸಿ ಷರತ್ತು ಹಾಕಿದರು. "ಲೋ ಮಗಾ, ಹೊಸ ಇಂಜೆಕ್ಷನ್ ನೋಡೋಣ. ಸ್ಕ್ಯಾನ್‌ನಲ್ಲಿ ಗುಣ ಕಾಣಲಿಲ್ಲ ಅಂದ್ರೆ ನಿಲ್ಲಿಸ್ಬೇಕು. ಸೈಟು ಮಾರಬಾರದು."

ಅಮ್ಮ ಎದ್ದು ಹೊರಡುವಾಗ ಕೇಳಿದರು: "ಇವರ ಬಟ್ಟೆ ಒಗೀತಿದ್ದಿದ್ದು ನಾನೇ. ನನಗೂ ಬರುತ್ತಾ?" ಸುಮ್ನೆ ಸಮಾಧಾನ ಹೇಳಲಿಲ್ಲ. ಬಟ್ಟೆಯ ಧೂಳಿನಿಂದ ಬಂದ ಉದಾಹರಣೆಗಳಿವೆ, ಆದರೆ ಒಗೆದವರಿಗೆಲ್ಲ ಬರಲ್ಲ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಈ ವಿಷಯ ಡಾಕ್ಟರಿಗೆ ಮೊದಲೇ ಹೇಳಿ ಅಂದೆ.

ಮಗನಿಗೆ ಇನ್ನೊಂದು ಕೆಲಸ ಕೊಟ್ಟೆ. ಆಸ್ಬೆಸ್ಟಾಸ್ ಕಾರ್ಖಾನೆಗಳು ಕೆಲಸಗಾರರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ಬಿಟ್ಟಮೇಲೆ 15 ವರ್ಷ, ಯಾವುದು ತಡವಾಗಿ ಬರುತ್ತೋ ಅಲ್ಲಿಯವರೆಗೆ ಇಡಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಸರ್ವಿಸ್ ಕಾಗದ, ಪಿಎಫ್ ಚೀಟಿ, ಇಎಸ್‌ಐ ಕಾರ್ಡು, ಬಯಾಪ್ಸಿ ವರದಿ ಒಟ್ಟು ಮಾಡಿಕೊಂಡು ಕಾರ್ಮಿಕ ವಕೀಲರನ್ನು ನೋಡಿ ಅಂದೆ.

ಕೊಳವೆ ಹಾಕಿದ್ದಾರೆ. ಅಪ್ಪ ಅದಕ್ಕೆ ನಲ್ಲಿ ಅಂತಾರಂತೆ, ಒಂದು ದಿಂಬು ಕಡಿಮೆಯಾಗಿದೆ. ನಿವೊಲುಮಾಬ್ ಶುರುವಾಗಿದೆ, ಸ್ಕ್ಯಾನ್ ಇನ್ನೂ ಆಗಬೇಕು. ಪಿಎಫ್ ಚೀಟಿ ಸಿಕ್ಕಿದೆ, ಇಎಸ್‌ಐ ಕಾರ್ಡು ಹುಡುಕ್ತಿದ್ದಾರೆ.