ಸದಾ ಎಲೆ ಕಲೆಸುವ ಯಂತ್ರವನ್ನು ಬ್ಲ್ಯಾಕ್‌ಜ್ಯಾಕ್‌ನಲ್ಲಿ ಸೋಲಿಸಬಹುದಾ?

ದಾವಣಗೆರೆಯಿಂದ ಗೋವಾ ಕ್ಯಾಸಿನೊಗೆ ಹೊರಟ ಗೆಳೆಯರೆಲ್ಲ ಇದನ್ನೇ ಕೇಳುತ್ತಾರೆ. ಬ್ಲ್ಯಾಕ್‌ಜ್ಯಾಕ್ ಅಂದ್ರೆ ಇಪ್ಪತ್ತೊಂದು ದಾಟದೆ ಕ್ಯಾಸಿನೊಗಿಂತ ಜಾಸ್ತಿ ಅಂಕ ಮಾಡುವ ಎಲೆ ಆಟ; ಈ ಯಂತ್ರ ಇದ್ದರೆ ಅದರಲ್ಲಿ ಎಲೆ ಎಣಿಸಿ ಗೆಲ್ಲೋಕೆ ಆಗಲ್ಲ. ನಾವಿಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ರಮ್ಮಿ ಆಡುವಾಗ ಬಿದ್ದ ಎಲೆ ನೆನಪಿಟ್ಟರೆ ಲಾಭ ಇದೆ, ಯಾಕಂದ್ರೆ ಅದು ತಕ್ಷಣ ಕಟ್ಟಿಗೆ ಮರಳುವುದಿಲ್ಲ ಅಲ್ವಾ? ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರಲ್ಲಿ ತೋರಿಸಿಕೊಟ್ಟ ಎಣಿಕೆಯೂ ಅದರ ಮೇಲೇ ನಿಂತಿದೆ: ಹತ್ತು, ಎಕ್ಕ ಜಾಸ್ತಿ ಉಳಿದಿದ್ದರೆ ಜಾಸ್ತಿ ಕಟ್ಟಬೇಕು. ಈ ಯಂತ್ರದಲ್ಲಿ ಆಡಿದ ಎಲೆ ಸುತ್ತು ಮುಗಿದ ಕೂಡಲೇ ಒಳಗೆ ಹೋಗುತ್ತದೆ, ಎಣಿಕೆ ಮತ್ತೆ ಹೆಚ್ಚುಕಡಿಮೆ ಸೊನ್ನೆಗೆ ಬರುತ್ತದೆ. ಒಳ್ಳೆ ನಿಯಮದ ಮೇಜಲ್ಲಿ ತಪ್ಪಿಲ್ಲದೆ ಆಡಿದರೂ ನೂರು ರೂಪಾಯಿಗೆ ಸುಮಾರು ಅರ್ಧ ರೂಪಾಯಿ ಕ್ಯಾಸಿನೊ ಪಾಲು. ಕಲೆಸುವ ಹೊತ್ತು ಉಳಿಯುವುದರಿಂದ ಗಂಟೆಗೆ ಆಟಗಳು ಜಾಸ್ತಿ, ನಷ್ಟವೂ ಬೇಗ. ಬ್ಲ್ಯಾಕ್‌ಜ್ಯಾಕ್ (ಮೊದಲ ಎರಡೇ ಎಲೆಗೆ ಎಕ್ಕ ಮತ್ತು ಹತ್ತರ ಬೆಲೆಯ ಎಲೆ) ಬಿದ್ದಾಗ 3:2, ಅಂದ್ರೆ ನೂರಕ್ಕೆ ನೂರೈವತ್ತು ಕೊಡುವ ಬದಲು 6:5, ಅಂದ್ರೆ ನೂರಿಪ್ಪತ್ತು ಕೊಡುವ ಮೇಜಾದರೆ ದಯವಿಟ್ಟು ಕೂರಲೇಬೇಡಿ.