ಹತ್ತು ಗಂಟೆಗೆ ನಾಲ್ಕೂವರೆ ತೋರಿಸುವ ಕಂಪ್ಯೂಟರ್

ಪ್ರಶ್ನೆ: ನನ್ನದು 2013ರ ಡೆಸ್ಕ್‌ಟಾಪ್. ಎಸೆಯಲು ಮನಸ್ಸು ಬರಲಿಲ್ಲ. ಹೋದ ತಿಂಗಳು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿದೆ. ವಿಂಡೋಸ್ ಜೊತೆಗೆ ಲಿನಕ್ಸ್ ಮಿಂಟ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಕೂಡ ಹಾಕಿಕೊಂಡೆ. ಅವತ್ತಿನಿಂದ ವಿಂಡೋಸ್‌ನಲ್ಲಿ ಟೈಮ್ ತಪ್ಪು. ಬೆಳಿಗ್ಗೆ 10 ಗಂಟೆಗೆ ಆನ್ ಮಾಡಿದರೆ 4:30 ತೋರಿಸುತ್ತದೆ. ಅಂಗಡಿಯವರು ಮದರ್‌ಬೋರ್ಡಿನ ಮೇಲಿನ ಸೆಲ್ ಬದಲಿಸಿದರು, ಆದರೂ ಅದೇ ಕಥೆ. ಮದರ್‌ಬೋರ್ಡೇ ಹೋಗಿದೆಯಾ?

ಉತ್ತರ: ಮದರ್‌ಬೋರ್ಡಿಗೆ ಏನೂ ಆಗಿಲ್ಲ. 10ಕ್ಕೆ 4:30 ಅಂದರೆ ಸರಿಯಾಗಿ ಐದೂವರೆ ಗಂಟೆ ಹಿಂದೆ, ಅಲ್ವಾ? ಸೆಲ್ ವೀಕಾದರೆ ಇಷ್ಟು ಲೆಕ್ಕ ಹಾಕಿ ತಪ್ಪುವುದಿಲ್ಲ. ನಮ್ಮ ಭಾರತೀಯ ಕಾಲಮಾನ ಯುಟಿಸಿಗಿಂತ, ಅಂದರೆ ಇಡೀ ಜಗತ್ತು ಲೆಕ್ಕಕ್ಕೆ ಇಟ್ಟುಕೊಂಡ ಮೂಲ ಟೈಮ್‌ಗಿಂತ, ಮುಂದಿರುವುದು ಅಷ್ಟೇ ಹೊತ್ತು.

ಬೋರ್ಡಿನ ಮೇಲೆ ಒಂದು ಪುಟ್ಟ ಗಡಿಯಾರವಿದೆ, ಆರ್‌ಟಿಸಿ ಅಂತ. ಅದು ಯಾವ ದೇಶದ ಟೈಮ್ ಅಂತ ಅದಕ್ಕೇ ಗೊತ್ತಿಲ್ಲ, ಅದರಲ್ಲಿ ಇರುವುದು ಬರೀ ಅಂಕಿ. ಲಿನಕ್ಸ್ ಅದರಲ್ಲಿ ಯುಟಿಸಿ ಬರೆದಿಡುತ್ತದೆ. ವಿಂಡೋಸ್ ಬಂದು ಅದನ್ನೇ ಇಲ್ಲಿನ ಟೈಮ್ ಅಂತ ಓದಿಕೊಳ್ಳುತ್ತದೆ. ನೀವು ವಿಂಡೋಸ್‌ನಲ್ಲಿ ಸರಿಮಾಡಿದರೆ ಲಿನಕ್ಸ್ ಐದೂವರೆ ಗಂಟೆ ಮುಂದೆ ಓಡಬಹುದು. ಒಂದೇ ಸ್ಲೇಟಿನ ಮೇಲೆ ಇಬ್ಬರು ಬರೆದ ಹಾಗೆ. ವಿಂಡೋಸ್ ಇಂಟರ್ನೆಟ್‌ನಿಂದ ಟೈಮ್ ತರಿಸಿಕೊಳ್ಳುತ್ತದೆ ನಿಜ, ಆದರೆ ಆನ್ ಆದ ಕೂಡಲೇ ತರಿಸಿಕೊಳ್ಳುತ್ತದೆ ಅನ್ನುವ ಹಾಗಿಲ್ಲ.

ಪರಿಹಾರ ಒಂದೇ ಸಾಲು. ಲಿನಕ್ಸ್‌ನಲ್ಲಿ ಟೈಮ್ ಸರಿ ಇದೆಯಾ ನೋಡಿಕೊಂಡು, ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ‘timedatectl set-local-rtc 1’ ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ, ಎಂಟರ್ ಒತ್ತಿ. ಇನ್ನು ಲಿನಕ್ಸ್ ಕೂಡ ಇಲ್ಲಿನ ಟೈಮನ್ನೇ ಬರೆದಿಡುತ್ತದೆ. ಹೀಗೆ ಇಡುವುದು ಒಳ್ಳೆಯದಲ್ಲ ಅಂತ ಲಿನಕ್ಸ್ ಎಚ್ಚರಿಸಬಹುದು. ಬೇಸಿಗೆಗೊಂದು, ಚಳಿಗಾಲಕ್ಕೊಂದು ಅಂತ ಗಡಿಯಾರ ತಿರುಗಿಸುವ ದೇಶಗಳಲ್ಲಿ ಅದು ತಲೆನೋವೇ. ನಮ್ಮಲ್ಲಿ ಆ ಪದ್ಧತಿ ಇಲ್ಲ, ಹೆದರಬೇಡಿ. ಬೇಡ ಅನಿಸಿದರೆ 1ರ ಜಾಗದಲ್ಲಿ 0 ಹಾಕಿದರೆ ಮೊದಲಿನಂತಾಗುತ್ತದೆ.

ಸೆಲ್ಲಿಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು ಅಂದುಕೊಳ್ಳಬೇಡಿ. ಹಳೆಯದು 2013ರದ್ದೇ ಆಗಿದ್ದರೆ ಇವತ್ತಲ್ಲ ನಾಳೆ ಬದಲಿಸಲೇಬೇಕಿತ್ತು. ಸೆಲ್ ಹೋದಾಗ ಲಕ್ಷಣವೇ ಬೇರೆ. ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಜಾರುತ್ತದೆ, ಆನ್ ಮಾಡಿದಾಗ ಎಫ್1 ಒತ್ತಿ ಅನ್ನುತ್ತದೆ, ವೆಬ್‌ಸೈಟುಗಳು ಸರ್ಟಿಫಿಕೇಟ್ ಸರಿಯಿಲ್ಲ ಅಂತ ತೆರೆಯುವುದೇ ಇಲ್ಲ. ಅದೂ ಗೋಡೆಯ ಸ್ವಿಚ್ ಆಫ್ ಮಾಡುವ ಮನೆಗಳಲ್ಲಿ ಜಾಸ್ತಿ. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೂ ಗಡಿಯಾರಕ್ಕೆ ಅಲ್ಲಿಂದಲೇ ಊಟ, ಸ್ವಿಚ್ ಆರಿಸಿದ ಮೇಲೆ ಆ 3 ವೋಲ್ಟಿನ ಸಿಆರ್2032 ಸೆಲ್ ಒಂದೇ ಗತಿ.