ಅಳಿವೆ ಬಾಗಿಲಿನ ಬೀಗ

ಪ್ರಶ್ನೆ: ಸರ್, ನೇಟೋದವರು ಉಕ್ರೇನಿಗೆ ಆಯುಧ ಕೊಡುತ್ತಾರೆ, ಒಳಗೆ ಮಾತ್ರ ಸೇರಿಸಿಕೊಳ್ಳುವುದಿಲ್ಲ. ಇದೆಲ್ಲ ನಾಟಕ ಅಲ್ವಾ?
– ಬೋಟು ಮಾಲೀಕರೊಬ್ಬರು, ಬೆಂಗ್ರೆ, ಮಂಗಳೂರು

ಉತ್ತರ: ಸ್ವಲ್ಪ ನಾಟಕ ಇದೆ ಮಾರಾಯ್ರೆ. ನೇಟೋ ಅಂದರೆ ಅಮೆರಿಕ, ಯುರೋಪಿನ ದೇಶಗಳು ಮುಂತಾದವರ ಸೇನಾ ಕೂಟ. 2008ರಲ್ಲಿ ಅದರ ಬುಕಾರೆಸ್ಟ್ ಸಭೆಯಲ್ಲೇ ಉಕ್ರೇನ್ ಮುಂದೆ ಸದಸ್ಯನಾಗುತ್ತದೆ ಅಂದಿದ್ದರು. ಯಾವಾಗ ಅಂತ ಹೇಳಲಿಲ್ಲ. ಮಾತುಕತೆ ಮುಗಿದು ಮುಹೂರ್ತವೇ ಇಲ್ಲದ ಮದುವೆ ಇದು. 2022ರಲ್ಲಿ ಅರ್ಜಿ ಹಾಕಿದ ಫಿನ್‌ಲೆಂಡ್, ಸ್ವೀಡನ್ ಎರಡೇ ವರ್ಷದೊಳಗೆ ಒಳಗೆ ಬಂದವು. ಅದೇ ವರ್ಷ ಅರ್ಜಿ ಹಾಕಿದ ಉಕ್ರೇನ್ ಹೊರಗೇ ಉಳಿಯಿತು. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೆ ಆದ ಹಾಗೆ ಅನ್ನುವುದು ನೇಟೋದ ಐದನೇ ವಿಧಿ. ಯುದ್ಧದಲ್ಲಿರುವವರನ್ನು ಸೇರಿಸಿಕೊಂಡರೆ 32 ದೇಶಗಳೂ ರಷ್ಯಾದ ಎದುರು ನಿಲ್ಲಬೇಕಾದೀತು. ಆ ಧೈರ್ಯ ಅವರಿಗಿಲ್ಲ.

ನೀವು ಕಡಲಿನವರು, ಕಡಲಿನ ಮಾತೇ ಹೇಳುತ್ತೇನೆ. ನಾನು ಹಡಗಿನಲ್ಲಿ ಎಂಜಿನಿಯರ್ ಆಗಿದ್ದಾಗ ಒಮ್ಮೆ ಉಕ್ರೇನಿನ ಒಡೆಸ್ಸಾ ಬಂದರಿಗೆ ಹೋಗಿದ್ದೆ. ಟರ್ಕಿಯ ಬಾಸ್ಫರಸ್ ಜಲಸಂಧಿ ದಾಟುವಾಗ ಚಹಾ ಹಿಡಿದು ಮೇಲೆ ಬಂದರೆ ಇಸ್ತಾಂಬುಲಿನ ಮನೆಗಳ ಕಿಟಕಿಗಳು ಕಾಣುತ್ತಿದ್ದವು. ಅಷ್ಟು ಇಕ್ಕಟ್ಟು. ಕಪ್ಪು ಸಮುದ್ರಕ್ಕೆ ಅದೇ ಅಳಿವೆ ಬಾಗಿಲು. 1936ರ ಮಾಂಟ್ರೊ ಒಪ್ಪಂದದ ಪ್ರಕಾರ ಬೀಗದ ಕೈ ಟರ್ಕಿಯ ಸೊಂಟದಲ್ಲಿ.

ಯುದ್ಧ ಶುರುವಾದ ಮೇಲೆ ಟರ್ಕಿ ಆ ಬಾಗಿಲನ್ನು ಕಾದಾಡುವವರ ಯುದ್ಧನೌಕೆಗಳಿಗೆ ಮುಚ್ಚಿತು. ರಷ್ಯಾಕ್ಕೆ ಹೊರಗಿನಿಂದ ಬದಲಿ ನೌಕೆ ತರಲು ಆಗಲಿಲ್ಲ. ಉಕ್ರೇನಿಗೆ ಲಾಭವೇ. ಆದರೆ ಬ್ರಿಟನ್ ಉಕ್ರೇನಿಗೆ ಕೊಟ್ಟ ಎರಡು ಮೈನ್ (ಸಮುದ್ರದಲ್ಲಿ ಹುದುಗಿಸಿದ ಸಿಡಿಗುಂಡು) ಹುಡುಕುವ ಹಡಗುಗಳನ್ನೂ 2024ರ ಜನವರಿಯಲ್ಲಿ ಟರ್ಕಿ ಬಿಡುವುದಿಲ್ಲ ಅಂದಿತು. ಅದೇ ತಿಂಗಳು ಟರ್ಕಿ, ರೊಮೇನಿಯಾ, ಬಲ್ಗೇರಿಯಾ ಕೂಡಿ ಮೈನ್ ತೆಗೆಯುವ ಕೂಟ ಕಟ್ಟಿದವು. ಮೂವರೂ ನೇಟೋದವರು. ಉಕ್ರೇನಿಗೆ ಅದರಲ್ಲಿ ಜಾಗ ಇರಲಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಆ ಮೂವರ ನೀರು ಅಷ್ಟಾದರೂ ನೆಮ್ಮದಿಯಾಗಿರುವುದು ಯಾರಿಂದ? ದೊಡ್ಡ ನೌಕೆಯೇ ಇಲ್ಲದ ಉಕ್ರೇನ್ 2022ರ ಏಪ್ರಿಲ್‌ನಲ್ಲಿ ರಷ್ಯಾದ ಕಪ್ಪು ಸಮುದ್ರ ನೌಕಾಪಡೆಯ ಮುಖ್ಯ ಯುದ್ಧನೌಕೆ ಮೋಸ್ಕ್ವಾವನ್ನು ಮುಳುಗಿಸಿತು. ಆಮೇಲೆ ಆಳಿಲ್ಲದ ಪುಟ್ಟ ಬೋಟುಗಳಲ್ಲಿ ಸ್ಫೋಟಕ ತುಂಬಿ ಬಿಟ್ಟಿತು. ರಷ್ಯಾದ ಎಷ್ಟೋ ಹಡಗುಗಳು ಕ್ರೈಮಿಯಾದ ಸೆವಾಸ್ಟೊಪೋಲ್ ನೆಲೆ ಬಿಟ್ಟು ರಷ್ಯಾದ ನೊವೊರೊಸಿಸ್ಕ್ ಬಂದರಿಗೆ ಹೋದವು. ಧಾನ್ಯದ ಹಡಗುಗಳು ರೊಮೇನಿಯಾ ದಡ ಹಿಡಿದು ಮತ್ತೆ ಓಡಾಡತೊಡಗಿದವು.

ಹಾಗಾಗಿ ಬರೀ ನಾಟಕ ಅನ್ನಲಾರೆ. 2025ರ ಫೆಬ್ರವರಿಯಲ್ಲಿ ಪೋಲೆಂಡಿನ ಬಿಡ್ಗೊಶ್ಚ್‌ನಲ್ಲಿ ನೇಟೋ ಮತ್ತು ಉಕ್ರೇನ್ ಸೇರಿ ಒಂದು ತರಬೇತಿ ಕೇಂದ್ರ ತೆರೆದಿವೆ. ಉಕ್ರೇನ್ ಈ ಯುದ್ಧದಲ್ಲಿ ಕಲಿತದ್ದನ್ನು ನೇಟೋದವರು ಕೇಳಿಸಿಕೊಳ್ಳುವುದು ಅಲ್ಲೇ.